ಜೋಡಿಸಿ ತೋರಿಸಿ, ಆಮೇಲೆ ದುಡ್ಡು ತಗೊಳ್ಳಿ!

ಭರಮಸಾಗರ ಹೋಬಳಿಯ ಮನೆಮನೆಗೂ ಒಂದು ಮನವಿ

ಭರಮಸಾಗರ, ಸಿರಿಗೆರೆ, ಕೊಳಹಾಳ್, ಬಹದ್ದೂರಘಟ್ಟ, ಎಮ್ಮೆಹಟ್ಟಿ, ಕೋಗುಂಡೆಯ ಹಿರಿಯರೇ, ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಬೆಂಗಳೂರಿನಲ್ಲಿರುವ ಮಗನೋ ಮಗಳೋ ಆನ್‌ಲೈನ್‌ನಲ್ಲಿ ಆರ್ಡರ್ ಹಾಕಿ ಊರಿಗೆ ಕಳಿಸಿದ ಗಾಜಿನ ತೂಕದ ಮಿಷನ್ ನಿಮ್ಮ ಮನೆಯಲ್ಲೂ ಇರಬಹುದು. ಅಪ್ಪ ದಿನಾ ಬೆಳಿಗ್ಗೆ ಅದರ ಮೇಲೆ ನಿಂತರೆ ಸಾಕು, ತೂಕ ವೈಫೈ ಮೂಲಕ ತಾನಾಗಿ ಮೊಬೈಲಿಗೆ ಹೋಗುತ್ತದೆ, ಮಕ್ಕಳು ಅಲ್ಲಿಂದಲೇ ನೋಡಿಕೊಳ್ಳುತ್ತಾರೆ ಎಂದು ನಂಬಿ ತರಿಸಿದ್ದು. ಈಗ ಅದು ಎಲ್ಲಿದೆ? ಎಷ್ಟೋ ಮನೆಗಳಲ್ಲಿ ಮಂಚದ ಕೆಳಗೆ ಸೇರಿದೆ. ಮನೆಯ ವೈಫೈಗೆ ಜೋಡಣೆ ಆಗಲಿಲ್ಲ. ಎರಡು ಸಲ ನೋಡಿದರು, ನಾಲ್ಕು ಸಲ ನೋಡಿದರು, ಕೊನೆಗೆ "ನಮಗೆ ಇದೆಲ್ಲ ಬರಲ್ಲ ಬಿಡಪ್ಪಾ" ಎಂದು ಎತ್ತಿಟ್ಟರು.

ತಪ್ಪನ್ನು ತಮ್ಮ ತಲೆ ಮೇಲೆ ಹಾಕಿಕೊಂಡು ಸುಮ್ಮನಾದ ಆ ಹಿರಿಯರಿಗಾಗಿಯೇ ಈ ಕರಪತ್ರ. ದುಡ್ಡು ಕೊಟ್ಟು ತಂದ ವಸ್ತು ನಮ್ಮ ಮನೆಯಲ್ಲಿ ಕೆಲಸ ಮಾಡಬೇಕು. ಮಾಡದಿದ್ದರೆ ಮಾರಿದವನು ಉತ್ತರ ಕೊಡಬೇಕು. ಇಷ್ಟು ಕೇಳಲು ಯಾರಿಗೂ ಇಂಗ್ಲಿಷ್ ಬರಬೇಕಾಗಿಲ್ಲ.

ತೂಕದ ವಿಷಯ ಶೋಕಿಯದಲ್ಲ. ಹೃದಯ ದುರ್ಬಲವಾದವರ ಮೈಯಲ್ಲಿ ನೀರು ನಿಲ್ಲಲು ಶುರುವಾದರೆ ಕಾಲು ಬಾತುಕೊಳ್ಳುವ ಮೊದಲೇ ತೂಕ ಏರುತ್ತದೆ. ಎರಡು ಮೂರು ದಿನದಲ್ಲಿ ಎರಡು ಕೆಜಿಗಿಂತ ಹೆಚ್ಚು ಏರಿತೆಂದರೆ ಡಾಕ್ಟರಿಗೆ ತಿಳಿಸಲೇಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಒಂದು ಸರದಿಯಿಂದ ಇನ್ನೊಂದು ಸರದಿಗೆ ಎಷ್ಟು ತೂಕ ಏರಿತು ಎನ್ನುವುದರ ಮೇಲೆಯೇ ಎಷ್ಟು ನೀರು ತೆಗೆಯಬೇಕೆಂಬ ಲೆಕ್ಕ. ಸಕ್ಕರೆ ಕಾಯಿಲೆಯವರಲ್ಲಿ ಕಾರಣವಿಲ್ಲದೆ ತೂಕ ಇಳಿಯುತ್ತಾ ಹೋದರೆ ಅದೂ ಒಂದು ಎಚ್ಚರಿಕೆ. ನಮ್ಮ ಮಕ್ಕಳಲ್ಲಿ ಬಹಳ ಮಂದಿ ದೂರದಲ್ಲಿದ್ದಾರೆ, ಊರಲ್ಲಿ ವಯಸ್ಸಾದವರು ಇಬ್ಬರೇ. ಇಂಥ ಮನೆಗೆ ಈ ಮಿಷನ್ ನಿಜವಾಗಿಯೂ ಬೇಕಾದದ್ದು. ಅದಕ್ಕೇ ಅದು ಮಂಚದ ಕೆಳಗೆ ಸೇರಿದ್ದು ನಮಗೆ ಸಂಕಟ.

ಕೆರೆ ಏರಿ ಕಡೆಯ ಮನೆಯೊಂದರಲ್ಲಿ ನಾವು ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ. ಮನೆಯ ಯಜಮಾನರಿಗೆ ಹೃದಯದ ತೊಂದರೆ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ಮಗ ಮಿಷನ್ ಕಳಿಸಿ, ವಿಡಿಯೋ ಕಾಲ್‌ನಲ್ಲಿ ಕೂತು ಹೇಳಿಕೊಡುತ್ತಿದ್ದ. ರೂಟರ್ ಹಜಾರದ ಟಿವಿ ಮೇಲೆ. ಅದರ ಚೀಟಿ ಕಿತ್ತುಹೋಗಿತ್ತು, ಲೈನ್‌ಮನ್ ಸ್ಕೆಚ್ ಪೆನ್ನಿನಲ್ಲಿ ಬರೆದ ಪಾಸ್‌ವರ್ಡ್‌ನಲ್ಲಿ ಸೊನ್ನೆ ಯಾವುದು, ಇಂಗ್ಲಿಷ್‌ನ ಓ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಮೊಬೈಲ್ ತೆರೆದರೆ ಒಂದೇ ಮನೆಯ ವೈಫೈಗೆ ಎರಡು ಹೆಸರು. ಒಂದು ಬರೀ ಹೆಸರು, ಇನ್ನೊಂದರ ಬಾಲದಲ್ಲಿ 5ಜಿ. "ಅಪ್ಪಾ, 5ಜಿ ಇರೋದು ಹಾಕಿ, ಅದು ಫಾಸ್ಟು" ಎಂದ ಮಗ. ಹಾಕಿದರು. ಆ್ಯಪ್‌ನಲ್ಲಿ ಚಕ್ರ ತಿರುಗಿತು, ನೂರಕ್ಕೆ ತೊಂಬತ್ತರವರೆಗೆ ಹೋಗಿ ನಿಂತಿತು, ಕೆಂಪಕ್ಷರದಲ್ಲಿ ಇಂಗ್ಲಿಷ್‌ನಲ್ಲಿ ಒಂದು ಸಾಲು ಬಂತು. ಅಷ್ಟರಲ್ಲಿ ಮಿಷನ್‌ನ ದೀಪವೂ ಆರಿತು. ಮತ್ತೆ ಮೊದಲಿಂದ. ಆಮೇಲೆ ಪಕ್ಕದ ಮನೆಯ ಕಾಲೇಜು ಹುಡುಗಿ ಬಂದಳು. ಮಿಷನ್ನನ್ನು ಬಚ್ಚಲಿನಿಂದ ಎತ್ತಿ ತಂದು ಟಿವಿ ಹತ್ತಿರ ನೆಲದ ಮೇಲಿಟ್ಟಳು, 5ಜಿ ಬಾಲವಿಲ್ಲದ ಹೆಸರನ್ನು ಆರಿಸಿದಳು, ಸೊನ್ನೆಯ ಜಾಗದಲ್ಲಿ ಓ ಹಾಕಿದಳು, ದೀಪ ಆರದಂತೆ ಮಿಷನ್ನನ್ನು ಕಾಲಿನಿಂದ ಆಗಾಗ ಒತ್ತುತ್ತಾ ನಿಂತಳು. ಜೋಡಣೆ ಆಯಿತು. ಅವಳಿಗೆ ಗೊತ್ತಿದ್ದದ್ದು, ಆ ಯಜಮಾನರಿಗೆ ಯಾರೂ ಹೇಳದೇ ಇದ್ದದ್ದು ಒಂದೆರಡು ಮಾತು ಮಾತ್ರ. ಆ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ವೈಫೈ ಹೆಸರಿನ ಬಾಲದಲ್ಲಿರುವ 5ಜಿಗೂ ಮೊಬೈಲ್ ಕಂಪನಿಯವರ 5ಜಿಗೂ ಸಂಬಂಧವೇ ಇಲ್ಲ. ಅದು 5 ಗಿಗಾಹರ್ಟ್ಸ್ ಎಂಬ ಅಲೆಯ ಗುರುತು. ಮನೆಯ ರೂಟರ್ ಸಾಮಾನ್ಯವಾಗಿ ಎರಡು ಅಲೆಯಲ್ಲಿ ಮಾತಾಡುತ್ತದೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5. ಐದರದ್ದು ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. 2.4ರದ್ದು ವೇಗ ಕಡಿಮೆ, ಆದರೆ ಹಿತ್ತಿಲ ಬಚ್ಚಲಿನವರೆಗೂ ಮುಟ್ಟುತ್ತದೆ. ತೂಕದ ಮಿಷನ್‌ಗಳ ಒಳಗಿರುವ ಅಗ್ಗದ, ಬ್ಯಾಟರಿ ಕಡಿಮೆ ತಿನ್ನುವ ಚಿಪ್ಪಿಗೆ ಬಹುಮಟ್ಟಿಗೆ 2.4 ಒಂದೇ ಅರ್ಥವಾಗುತ್ತದೆ. 5ಕ್ಕೆ ಎಷ್ಟು ಸಲ ಪ್ರಯತ್ನಿಸಿದರೂ ಅದು ಸೇರುವುದಿಲ್ಲ. ತಯಾರಿಸುವವರು 2.4 ಇಟ್ಟದ್ದು ತಪ್ಪಲ್ಲ. ಅದನ್ನು ಡಬ್ಬದ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ, ಇಂಗ್ಲಿಷ್‌ನಲ್ಲಿ ಮಾತ್ರ ಹಾಕಿದ್ದು ತಪ್ಪು.

ಕೆಲವು ಮನೆಗಳಲ್ಲಿ ಎರಡೂ ಅಲೆಗೆ ಒಂದೇ ಹೆಸರು ಇಟ್ಟಿರುತ್ತಾರೆ. ಆಗ ಮೊಬೈಲ್ 5ರ ಮೇಲೆ ಕೂತಿರುತ್ತದೆ, ಮಿಷನ್ 2.4 ಹುಡುಕುತ್ತದೆ, ಎಷ್ಟೋ ಸಲ ಎರಡೂ ಸಂಧಿಸುವುದಿಲ್ಲ. ಕೇಬಲ್‌ನವರಿಗೆ ಫೋನ್ ಮಾಡಿ "ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ" ಎನ್ನಿ, ಇಲ್ಲವೇ ಜೋಡಣೆ ಮುಗಿಯುವವರೆಗೆ 5ನ್ನು ಬಂದ್ ಮಾಡಿಸಿ. ರೂಟರ್‌ನ ಭದ್ರತೆ ಡಬ್ಲ್ಯೂಪಿಎ3 ಒಂದಕ್ಕೇ ಇಟ್ಟಿದ್ದರೆ ಬಹಳ ಮಿಷನ್‌ಗಳು ಒಳಗೆ ಬರಲಾರವು, ಡಬ್ಲ್ಯೂಪಿಎ2 ಕೂಡ ಇರಬೇಕು. ರೂಟರ್ ಬದಲಾಯಿತು, ಪಾಸ್‌ವರ್ಡ್ ಬದಲಾಯಿತು ಎಂದರೆ ಹಳೆಯ ಜೋಡಣೆ ಕಡಿದುಹೋಯಿತೆಂದೇ ಲೆಕ್ಕ, ಮೊದಲಿಂದ ಮಾಡಬೇಕು.

ಇನ್ನೊಂದು ವಿಷಯವನ್ನು ಅಂಗಡಿಯವರೂ ಎಷ್ಟೋ ಸಲ ಬಿಡಿಸಿ ಹೇಳುವುದಿಲ್ಲ. "ಸ್ಮಾರ್ಟ್" ಎಂದು ಮಾರುವ ಅಗ್ಗದ ಮಿಷನ್‌ಗಳಲ್ಲಿ ಹೆಚ್ಚಿನವಕ್ಕೆ ವೈಫೈ ಇರುವುದೇ ಇಲ್ಲ, ಬ್ಲೂಟೂತ್ ಮಾತ್ರ. ಅವಕ್ಕೆ ಮೊಬೈಲ್ ಹತ್ತಿರವೇ ಇರಬೇಕು. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿರುವ ಬ್ಲೂಟೂತ್ ಪಟ್ಟಿಯಲ್ಲಿ ಹುಡುಕಿದರೆ ಅಂಥವು ಸಾಮಾನ್ಯವಾಗಿ ಸೇರುವುದಿಲ್ಲ, ಅವರ ಆ್ಯಪ್ ತೆರೆದು ಅಲ್ಲಿಂದಲೇ ಜೋಡಿಸಬೇಕು. ತೂಕ ನೋಡಲು ಲೊಕೇಶನ್ ಯಾಕೆ ಕೇಳುತ್ತದೆ ಎಂದು ಹೆದರಿ ಬೇಡ ಅಂದವರು ಬಹಳ ಮಂದಿ. ಹೆದರಿದ್ದು ಸರಿಯೇ. ಆದರೆ ಆಂಡ್ರಾಯ್ಡ್ 11ರವರೆಗಿನ ಫೋನ್‌ಗಳಲ್ಲಿ ಲೊಕೇಶನ್ ಒಪ್ಪದೆ ಆ್ಯಪ್‌ಗೆ ಬ್ಲೂಟೂತ್ ಹುಡುಕಲು ಬಿಡುತ್ತಿರಲಿಲ್ಲ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಹತ್ತಿರದ ಸಾಧನಗಳಿಗೆಂದೇ ಬೇರೆ ಒಪ್ಪಿಗೆ ಇದೆ. ಅಷ್ಟನ್ನು ಕೊಡಿ. ಕಾಂಟ್ಯಾಕ್ಟ್ಸ್ ಕೇಳಿದರೆ, ಫೋಟೋ ಕೇಳಿದರೆ ಕೊಡಬೇಡಿ. ತೂಕಕ್ಕೂ ನಿಮ್ಮ ನೆಂಟರ ನಂಬರುಗಳಿಗೂ ಏನು ಸಂಬಂಧ?

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಈ ಮಾತನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ.

ಗಾಜಿನ ಮೇಲೆ ಲೋಹದ ಪಟ್ಟಿ ಇರುವ ಮಿಷನ್‌ಗಳು ಬರಿಗಾಲಿನ ಮೂಲಕ ಮೈಯೊಳಗೆ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ ಕೊಬ್ಬು ಎಷ್ಟು, ನೀರು ಎಷ್ಟು ಎಂದು ಅಂದಾಜು ಹೇಳುತ್ತವೆ. ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು ಇವುಗಳ ಮೇಲೆ ನಿಲ್ಲಬಾರದು ಎಂದು ತಯಾರಕರೇ ಎಚ್ಚರಿಸುತ್ತಾರೆ. ಗರ್ಭಿಣಿಯರೂ ಬಳಸಬಾರದೆಂದು ಹೇಳುವವರಿದ್ದಾರೆ. ಆ ಎಚ್ಚರಿಕೆ ಎಲ್ಲಿದೆ? ಒಳಗಿನ ಮಡಚಿದ ಹಾಳೆಯಲ್ಲಿ, ಇಂಗ್ಲಿಷ್‌ನಲ್ಲಿ, ಒಮ್ಮೊಮ್ಮೆ ಚೀನಿ ಭಾಷೆಯಲ್ಲೂ. ಹೃದಯದ ಕಾಯಿಲೆಯವರಿಗೆಂದೇ ಮಕ್ಕಳು ಕೊಂಡುಕೊಡುವ ವಸ್ತುವಿನಲ್ಲಿ ಹೃದಯದ ಕಾಯಿಲೆಯವರಿಗೆ ಬೇಕಾದ ಎಚ್ಚರಿಕೆ ಅವರು ಓದಬಲ್ಲ ಭಾಷೆಯಲ್ಲಿ ಇಲ್ಲ. ಇದು ಸಣ್ಣ ಅನ್ಯಾಯವಲ್ಲ. ನಿಮ್ಮ ಮನೆಯಲ್ಲಿ ಪೇಸ್‌ಮೇಕರ್ ಇರುವವರಿದ್ದರೆ ಡಾಕ್ಟರನ್ನು ಕೇಳುವವರೆಗೆ ಆ ಮಿಷನ್ ಮುಟ್ಟಬೇಡಿ. ಕೊಬ್ಬು, ನೀರಿನ ಲೆಕ್ಕ ಹೇಳದ, ಬರೀ ತೂಕ ತೋರಿಸುವ ಸಾದಾ ಮಿಷನ್ ತನ್ನಿ, ಅದರಲ್ಲಿ ಕರೆಂಟ್ ಹರಿಸುವ ಪ್ರಶ್ನೆಯೇ ಬರುವುದಿಲ್ಲ.

ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ಊರು ನಮ್ಮದು. ಕಾಟಾದಲ್ಲಿ ಒಂದು ಕೆಜಿ ಹೆಚ್ಚುಕಡಿಮೆ ಆದರೆ, ಸೂಟು ಎಂದು ಚೀಲಕ್ಕೆ ಇಷ್ಟು ಮುರಿದುಕೊಂಡರೆ ಸುಮ್ಮನಿರುವ ರೈತ ನಮ್ಮಲ್ಲಿಲ್ಲ. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ 2009ರ ಕಾನೂನು ಮಾಪನ ಶಾಸ್ತ್ರ ಅಧಿನಿಯಮದ ಪ್ರಕಾರ ಇಲಾಖೆಯ ಮುದ್ರೆ ಬೇಕು. ಮನೆಯಲ್ಲಿ ಮೈತೂಕ ನೋಡುವ ಮಿಷನ್‌ಗೆ ಆ ಮುದ್ರೆಯೂ ಇಲ್ಲ. ಹಾಗಾಗಿ ಅದನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರು ನಾವೇ. ಹಾಸುಗಂಬಳಿ, ಮ್ಯಾಟ್ ಮೇಲೆ ಇಡಬೇಡಿ, ತೂಕ ತಪ್ಪು ಬರುತ್ತದೆ. ಸಮವಾದ ಗಟ್ಟಿ ನೆಲ ಬೇಕು. ತೂಕ ಗೊತ್ತಿರುವ ಹತ್ತು ಕೆಜಿ ಅಕ್ಕಿ ಚೀಲವನ್ನು ಎತ್ತಿಕೊಂಡು ಒಮ್ಮೆ, ಇಳಿಸಿ ಒಮ್ಮೆ ನಿಂತು ನೋಡಿ. ಹತ್ತು ಕೆಜಿ ವ್ಯತ್ಯಾಸ ತೋರಿಸದ ಮಿಷನ್ ವೈಫೈಗೆ ಸೇರಿದರೂ ಉಪಯೋಗವಿಲ್ಲ.

ಇನ್ನು ಜೋಡಣೆ ಆಗಲೇ ಇಲ್ಲ ಎನ್ನೋಣ. ಆಗಲೂ ಬಹಳಷ್ಟು ಮಿಷನ್‌ಗಳ ಗಾಜಿನ ಮೇಲೆ ಅಂಕಿ ಮೂಡುತ್ತದೆ, ಅದಕ್ಕೆ ನೆಟ್ ಬೇಡ. ವೈಫೈ ಬೇಕಿರುವುದು ಆ ಅಂಕಿಯನ್ನು ದೂರಕ್ಕೆ ಕಳಿಸಲು ಮಾತ್ರ. ಕರೆಂಟ್ ಹೋಗಿ ರೂಟರ್ ಆರಿದರೂ ಬ್ಯಾಟರಿಯ ಮಿಷನ್ ತೂಕ ತೋರಿಸುತ್ತಲೇ ಇರುತ್ತದೆ. ಆದ್ದರಿಂದ ಮಂಚದ ಕೆಳಗಿರುವುದನ್ನು ಇವತ್ತೇ ಹೊರಗೆ ತೆಗೆಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮನೆಯೊಳಗೆ ತೂಕ ಬರೆಯಿರಿ. ವಾರಕ್ಕೊಮ್ಮೆ ಆ ಹಾಳೆಯ ಫೋಟೋ ತೆಗೆದು ಮಕ್ಕಳಿಗೆ ವಾಟ್ಸಾಪ್ ಮಾಡಿ. ಡಾಕ್ಟರ ಮುಂದೆ ಇಡಲು ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಕಂಪನಿಯ ಸರ್ವರನ್ನೇ ನಂಬಿ ಕೂರಬಾರದು ಎನ್ನಲು ಕಾರಣವಿದೆ. ವೈಫೈ ತೂಕದ ಮಿಷನ್ ಜಗತ್ತಿಗೆ ಬಂದದ್ದು 2009ರಲ್ಲಿ, ಫ್ರಾನ್ಸ್‌ನ ವಿತಿಂಗ್ಸ್ ಕಂಪನಿಯಿಂದ. ಆ ಕಂಪನಿಯನ್ನು 2016ರಲ್ಲಿ ನೋಕಿಯಾ ಕೊಂಡಿತು, 2018ರಲ್ಲಿ ಮತ್ತೆ ಬಿಟ್ಟುಕೊಟ್ಟಿತು. ಅಮೆರಿಕದ ಅಂಡರ್ ಆರ್ಮರ್ ಕಂಪನಿ 2016ರಲ್ಲಿ ತೂಕದ ಮಿಷನ್, ಕೈಪಟ್ಟಿ, ಎದೆಪಟ್ಟಿ ಸೇರಿಸಿ 400 ಡಾಲರಿಗೆ ಒಂದು ಪೆಟ್ಟಿಗೆ ಮಾರಿತು. 2019 ಮುಗಿಯುವಷ್ಟರಲ್ಲಿ ಅದರ ಆ್ಯಪನ್ನೇ ಹಿಂತೆಗೆದುಕೊಂಡಿತು. ದುಡ್ಡು ಕೊಟ್ಟವರ ಮಿಷನ್ ಯಾವುದಕ್ಕೂ ಜೋಡಣೆಯಾಗದೆ ಉಳಿಯಿತು. ಅಷ್ಟು ದೊಡ್ಡ ದೇಶದ ಗ್ರಾಹಕರಿಗೇ ಹೀಗಾದರೆ, ಹೆಸರೇ ಕೇಳದ ಕಂಪನಿಯ ಮಿಷನ್ ಕೊಂಡ ಭರಮಸಾಗರದವರಿಗೆ ಯಾರು ದಿಕ್ಕು? ಕ್ಯಾಲೆಂಡರ್ ಬಿಡಬೇಡಿ.

ಈಗ ನಾವು ಯಾರು ಯಾರನ್ನು ಏನು ಕೇಳಬೇಕು, ನೇರವಾಗಿ ಹೇಳುತ್ತೇವೆ.

ಅಂಗಡಿಯವರೇ, ಇಲ್ಲಿಯವರಾಗಲಿ, ಚಿತ್ರದುರ್ಗ, ದಾವಣಗೆರೆಯವರಾಗಲಿ: ಗಿರಾಕಿಯ ಮೊಬೈಲಿಗೆ ನಿಮ್ಮ ಅಂಗಡಿಯ ವೈಫೈನಲ್ಲಿ ಒಮ್ಮೆ ಜೋಡಿಸಿ ತೋರಿಸಿ, ಆಮೇಲೆ ದುಡ್ಡು ತಗೊಳ್ಳಿ. ಮನೆಯಲ್ಲಿ ಆಗದಿದ್ದರೆ ಇಷ್ಟು ದಿನದೊಳಗೆ ವಾಪಸ್ ತಗೊಳ್ಳುತ್ತೇನೆ ಎಂದು ಬಿಲ್ಲಿನ ಮೇಲೆ ಬರೆದುಕೊಡಿ. ಪೇಸ್‌ಮೇಕರ್ ಇದೆಯಾ ಎಂದು ಕೇಳದೆ ಯಾರಿಗೂ ಮಾರಬೇಡಿ. ಬಿಲ್ ಕೊಡದವರ ಹತ್ತಿರ ನಾವು ಕೊಳ್ಳುವುದಿಲ್ಲ.

ಕೇಬಲ್, ಇಂಟರ್‌ನೆಟ್ ಲೈನ್ ಕೊಡುವವರೇ: ರೂಟರ್ ಕೂರಿಸುವ ದಿನವೇ ಎರಡು ಅಲೆಗೆ ಎರಡು ಹೆಸರು ಕೊಡಿ. ಪಾಸ್‌ವರ್ಡನ್ನು ದಪ್ಪಕ್ಷರದಲ್ಲಿ, ಸೊನ್ನೆಗೆ ಅಡ್ಡಗೀಟು ಹಾಕಿ ಬರೆದುಕೊಡಿ. ರೂಟರ್‌ನ ಒಳಗಿನ ಸೆಟ್ಟಿಂಗ್ ತೆರೆಯುವ ಗುಟ್ಟಿನ ಪದವನ್ನು ಮನೆಯವರಿಗೂ ತಿಳಿಸಿ. ತಿಂಗಳು ತಿಂಗಳು ದುಡ್ಡು ಕಟ್ಟುವವರು ಅವರು.

ದೂರದಲ್ಲಿರುವ ಮಕ್ಕಳೇ: ಡಬ್ಬ ಕಳಿಸಿದರೆ ಕೆಲಸ ಮುಗಿಯಲಿಲ್ಲ. ಯುಗಾದಿಗೋ ದೀಪಾವಳಿಗೋ ಊರಿಗೆ ಬಂದಾಗ ಕೂತು ಜೋಡಿಸಿಕೊಡಿ. ಖಾತೆಯನ್ನು ಅಪ್ಪ ಅಮ್ಮನ ಹೆಸರಲ್ಲಿ, ಅವರ ನಂಬರಿನಲ್ಲೇ ತೆರೆಯಿರಿ. ಮನೆಗೆ ಫೈಬರ್ ಲೈನ್ ಇಲ್ಲ, ಮೊಬೈಲ್ ಹಾಟ್‌ಸ್ಪಾಟ್ ಒಂದೇ ಗತಿ ಎಂದರೆ ವೈಫೈ ಮಿಷನ್ ಕಳಿಸಲೇಬೇಡಿ. ಆ ಮೊಬೈಲ್ ಹೊಲಕ್ಕೆ ಹೋದರೆ ವೈಫೈಯೂ ಹೊಲಕ್ಕೆ ಹೋಗುತ್ತದೆ.

ಊರಿನ ಕಾಲೇಜು ಹುಡುಗರೇ, ಹುಡುಗಿಯರೇ: ನಿಮ್ಮ ಬೀದಿಯಲ್ಲಿ ಇಂಥ ಮನೆ ಇದ್ದೇ ಇರುತ್ತದೆ. ಒಂದು ಸಂಜೆ ಹೋಗಿ. ಹಿರಿಯರ ಕೈಯಿಂದಲೇ ಒತ್ತಿಸಿ ಕಲಿಸಿ, ಪಾಸ್‌ವರ್ಡ್ ನಿಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಬೇಡಿ. ಪಂಚಾಯಿತಿಯವರನ್ನೂ ಕೇಳುತ್ತೇವೆ: ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದೀರಿ, ವಾರಕ್ಕೊಂದು ಸಂಜೆ ಅಲ್ಲಿ ಮೊಬೈಲ್, ವೈಫೈ, ಇಂಥ ಸಾಧನಗಳ ತೊಂದರೆ ಬಿಡಿಸಿಕೊಡುವ ವ್ಯವಸ್ಥೆ ಮಾಡಿ. ಹೇಳಿಕೊಡಲು ಊರಿನ ಹುಡುಗರು ಸಿದ್ಧರಿದ್ದಾರೆ, ಬೇಕಿರುವುದು ಒಂದು ಮೇಜು, ನಾಲ್ಕು ಕುರ್ಚಿ.

ಇಷ್ಟಾದರೂ ಮಾರಿದವರು ಕಿವಿಗೆ ಹಾಕಿಕೊಳ್ಳದಿದ್ದರೆ ಕಾನೂನು ಇದೆ. ಆನ್‌ಲೈನ್‌ನಲ್ಲಿ ಮಾರುವ ಕಂಪನಿ ದೂರು ಬಂದ 48 ಗಂಟೆಯೊಳಗೆ ದೂರು ಮುಟ್ಟಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲಿ ಮಾತಾಡಬಹುದು. ಅಲ್ಲೂ ಆಗದಿದ್ದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಾರಿದವನು ದೆಹಲಿಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಸ್ತುವಿನ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಬಿಲ್ಲು, ಡಬ್ಬ, ಆ್ಯಪ್‌ನಲ್ಲಿ ಬಂದ ಕೆಂಪಕ್ಷರದ ಫೋಟೋ ಇಟ್ಟುಕೊಂಡಿರಿ.

ಭಾಷೆಯ ಮಾತಿಗೂ ಆಧಾರವಿದೆ. ಕರ್ನಾಟಕದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ. ಹೊರಗೆ ತಯಾರಾಗಿ ಬರುವ ಡಬ್ಬಗಳು ಇದರಿಂದ ನುಸುಳಿಕೊಳ್ಳುತ್ತವೆ. ಪೊಟ್ಟಣದ ಸರಕಿನ ಕೇಂದ್ರದ ನಿಯಮಕ್ಕೆ ಹಿಂದಿಯೋ ಇಂಗ್ಲಿಷೋ ಇದ್ದರೆ ಸಾಕು. ಆ ನಿಯಮ ಬದಲಾಗಬೇಕು, ಮೈಗೆ ಸಂಬಂಧಿಸಿದ ಸಾಧನಗಳ ಎಚ್ಚರಿಕೆಯಾದರೂ ಮಾರುವ ರಾಜ್ಯದ ಭಾಷೆಯಲ್ಲಿ ಇರಬೇಕು ಎಂದು ನಮ್ಮ ಸಂಸದರಿಗೆ, ಶಾಸಕರಿಗೆ ಕಾಗದ ಬರೆಯೋಣ. ಆ್ಯಪ್‌ಗಳ ವಿಷಯದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿದೆ. ನಿಮ್ಮ ಮಾಹಿತಿ ಪಡೆಯಲು ಒಪ್ಪಿಗೆ ಕೇಳುವಾಗ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಲು ಬಿಡಬೇಕು ಎಂದು ಅದರಲ್ಲಿದೆ. ಆ ಪಟ್ಟಿಯಲ್ಲಿ ಕನ್ನಡ ಇದೆ. ಕೇಳೋಣ.

ಕೇಳಿದರೆ ಏನಾಗುತ್ತದೆ ಎನ್ನುವವರು ಏರಿ ಮೇಲೆ ನಿಂತು ಕೆರೆ ನೋಡಲಿ. ದುರ್ಗದ ಭರಮಣ್ಣ ನಾಯಕರು ಕಟ್ಟಿಸಿದ ಕೆರೆ ವರ್ಷಗಟ್ಟಲೆ ಒಣಗಿ ಬಿದ್ದಿತ್ತು. ಸಿರಿಗೆರೆ ಶ್ರೀಗಳು ಪಟ್ಟು ಹಿಡಿದರು, ಸುತ್ತಲ ಹಳ್ಳಿಗಳ ರೈತರು ಜೊತೆಗೆ ನಿಂತರು. 2021ರಲ್ಲಿ ತುಂಗಭದ್ರೆಯ ನೀರು ಪೈಪಿನಲ್ಲಿ ಬಂದು ಇದೇ ಕೆರೆಗೆ ಬಿತ್ತು. ಹೊಳೆಯನ್ನೇ ಕೇಳಿ ತಂದ ಊರಿನವರು ಡಬ್ಬದ ಮೇಲೆ ನಾಲ್ಕು ಸಾಲು ಕನ್ನಡ ಕೇಳಲು ಹಿಂಜರಿಯಬೇಕಾಗಿಲ್ಲ.

ಈ ಹಾಳೆಯನ್ನು ಎಸೆಯಬೇಡಿ, ರೂಟರ್ ಪಕ್ಕದಲ್ಲಿ ಅಂಟಿಸಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ. ಪೇಸ್‌ಮೇಕರ್ ಇರುವವರ ಮನೆ ನಿಮಗೆ ಗೊತ್ತಿದ್ದರೆ ಇವತ್ತೇ ಹೋಗಿ ತಿಳಿಸಿ. ಜೋಡಣೆಯಾಗದ ಮಿಷನ್ ವಾಪಸ್ ಮಾಡಲು ಇನ್ನೂ ದಿನ ಉಳಿದಿದ್ದರೆ ತಡ ಮಾಡಬೇಡಿ, ಬಿಲ್ಲು ಹುಡುಕಿ, 1915ಕ್ಕೆ ಫೋನ್ ಮಾಡಿ.

ಇಂತಿ,
ಭರಮಸಾಗರ ಹೋಬಳಿಯ ಗ್ರಾಹಕರು